ತಂತಿಯಿಲ್ಲದ ಬೈರಿಗೆ

ಮನೆ ಕಟ್ಟುವ ವಿದ್ಯೆ ಎಷ್ಟು ಪುರಾತನವೋ ಅದರ ಉಪಕರಣಗಳೂ ಅಷ್ಟೇ ಪುರಾತನವಾದವು. ಬಾಚಿ, ಉಳಿ, ಕೀಸುಳಿ, ಗರಗಸ, ಬೈರಿಗೆ ಇವೈದೂ ಬಡಗಿಯ ಕೈಗೆ ಐದು ಬೆರಳುಗಳಿದ್ದಂತೆ. ಹಗ್ಗ ಸುತ್ತಿದ ಬೈರಿಗೆಯನ್ನು ತಿರುಗಿಸಿ ಬಾಗಿಲುವಾಡಕ್ಕೆ ರಂಧ್ರ ಕೊರೆಯುತ್ತಿದ್ದ ಕಾಲದಲ್ಲಿ ಕೆಲಸವು ನಿಧಾನವಾಗಿತ್ತು. ಆದರೆ ಯಾವ ಸ್ಥಳದಲ್ಲಿಯೂ ನಡೆಯುತ್ತಿತ್ತು. ವಿದ್ಯುತ್ತು ಬಂದ ಮೇಲೆ ವೇಗ ಹೆಚ್ಚಿತು, ಸ್ವಾತಂತ್ರ್ಯ ಕುಗ್ಗಿತು. ಕೆಲಸಗಾರನು ತಂತಿಯ ಉದ್ದಕ್ಕೆ ಕಟ್ಟುಬಿದ್ದನು. ಬ್ಯಾಟರಿಯಿಂದ ನಡೆಯುವ ಕಾರ್ಡ್‌ಲೆಸ್ ಉಪಕರಣಗಳು ವೇಗವನ್ನು ಉಳಿಸಿ ಆ ಕಟ್ಟನ್ನು ಬಿಡಿಸಿವೆ.

ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಸಂಸ್ಥೆಯು ಇಂಥ ಡ್ರಿಲ್ಲನ್ನು 1961ರಲ್ಲಿ ಹೊರತಂದಿತು. 1971ರಲ್ಲಿ ಅಪೊಲೊ 15ರ ಯಾತ್ರಿಗಳು ಚಂದ್ರನ ನೆಲವನ್ನು ಕೊರೆದುದೂ ಬ್ಯಾಟರಿಯ ಯಂತ್ರದಿಂದಲೇ. ಆದರೆ ಅಂದಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳಲ್ಲಿ ಭಾರ ಹೆಚ್ಚು, ಶಕ್ತಿ ಕಡಿಮೆ. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್ ಬ್ಯಾಟರಿಯು ಈ ಕೊರತೆಯನ್ನು ನೀಗಿಸಿತು. ಅದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ಇಂದು ರೂಢಿಯಲ್ಲಿರುವ 18 ವೋಲ್ಟಿನ ಬ್ಯಾಟರಿಯೆಂದರೆ 3.6 ವೋಲ್ಟಿನ ಐದು ಕೋಶಗಳ ಸರಣಿ. ಅದರ ಮೇಲೆ 4 ಆಂಪಿಯರ್-ಗಂಟೆ ಎಂದು ಬರೆದಿದ್ದರೆ, ಎರಡನ್ನೂ ಗುಣಿಸಿದಾಗ ಬರುವ 72 ವ್ಯಾಟ್-ಗಂಟೆಯೇ ಅದರೊಳಗಿನ ಶಕ್ತಿ.

ಇದರ ಪ್ರಯೋಜನವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಜಮಖಂಡಿ, ಮುಧೋಳ ಭಾಗದಲ್ಲಿ ಕಬ್ಬಿನ ಹೊಲಗಳ ನಡುವೆ ತೋಟದ ಮನೆಗಳಿವೆ. ಅಲ್ಲಿ ವಿದ್ಯುತ್ತು ಕೈಕೊಟ್ಟರೆ ಕೂಲಿಯವನ ದಿನವೂ ಹೋಯಿತು, ಯಜಮಾನನ ಹಣವೂ ಹೋಯಿತು. ಆಲಮಟ್ಟಿಯ ಹಿನ್ನೀರಿನಿಂದ ಊರು ಕಳೆದುಕೊಂಡ ಬೀಳಗಿ ಭಾಗದ ಜನ ಹೊಸ ನಿವೇಶನಗಳಲ್ಲಿ ಮನೆ ಕಟ್ಟಿಕೊಳ್ಳಬೇಕಾಯಿತು. ಬರಿಯ ನಿವೇಶನದಲ್ಲಿ ಮೀಟರು ಇರುವುದಿಲ್ಲ. ಅಂಥಲ್ಲಿ ಮನೆಯಿಂದ ತುಂಬಿಸಿ ತಂದ ಎರಡು ಬ್ಯಾಟರಿಗಳು ಕೆಲಸವನ್ನು ನಿಲ್ಲಗೊಡವು.

ಎಲ್ಲಕ್ಕಿಂತ ಹಿರಿದಾದುದು ಪ್ರಾಣರಕ್ಷಣೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ ಅಸಂಖ್ಯ ಮನೆಗಳು ನೀರುಂಡವು. ನೆನೆದ ಗೋಡೆ, ಕೆಸರಿನ ನೆಲ, ನಡುವೆ ಸಿಪ್ಪೆ ಸುಲಿದ 230 ವೋಲ್ಟಿನ ತಂತಿ: ಇವು ಕೂಡಿದರೆ ಮೃತ್ಯುವಿಗೆ ಬೇರೆ ಆಹ್ವಾನ ಬೇಡ. 18 ವೋಲ್ಟಿನಲ್ಲಿ ಆ ಭಯ ಬಹುಮಟ್ಟಿಗೆ ಇಲ್ಲ. ರಬಕವಿ-ಬನಹಟ್ಟಿಯ ಮಗ್ಗದ ಶೆಡ್ಡುಗಳ ತಗಡಿನ ಮೇಲೆ ಏರಿದವನ ಕಾಲಿಗೆ ತೊಡರುವ ತಂತಿಯೂ ಇಲ್ಲ.

ಆದರೂ ಇದನ್ನು ಸರ್ವಸಿದ್ಧಿಯ ಮಂತ್ರವೆಂದು ಭಾವಿಸಬಾರದು. ದಿನವಿಡೀ ಕಾಂಕ್ರೀಟು ಒಡೆಯುವ ಕೆಲಸಕ್ಕೆ ತಂತಿಯ ಯಂತ್ರವೇ ಮಿತವ್ಯಯದ್ದು. ಬೇಸಗೆಯಲ್ಲಿ ಕಾದ ತಗಡಿನ ಕೆಳಗೆ ಬ್ಯಾಟರಿಯನ್ನು ಇಟ್ಟರೆ ಅದರ ಆಯುಷ್ಯ ಕುಗ್ಗುತ್ತದೆ. ಮೊಳೆಗಳಿರುವ ಚೀಲದಲ್ಲಿ ಹಾಕಿದರೆ ಎರಡು ತುದಿಗಳು ಕೂಡಿ ಬೆಂಕಿ ಹೊತ್ತಬಹುದು. ನೀರಲ್ಲಿ ಮುಳುಗಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಲೇಬಾರದು. ತಂತಿ ಇಲ್ಲವೆಂದ ಮಾತ್ರಕ್ಕೆ ಗ್ರೈಂಡರಿನ ಚಕ್ರವು ಬೆರಳನ್ನು ಬಿಡದು, ಕಿಡಿಯು ಕಣ್ಣನ್ನು ಬಿಡದು.

ಆದ್ದರಿಂದ ಶಾಲೆಯ ಕಾರ್ಯಾಗಾರಕ್ಕೆ ಇಂಥ ಉಪಕರಣವನ್ನು ಕೊಡುವ ದಾನಿಗಳು ಅದರೊಡನೆ ಒಂದು ರಕ್ಷಾ ಕನ್ನಡಕವನ್ನೂ ಕೊಡಲಿ. ಕಲಿಸುವ ಗುರುಗಳು ಯಂತ್ರಕ್ಕಿಂತ ಮೊದಲು ಎಚ್ಚರವನ್ನು ಕಲಿಸಲಿ. ಮನೆ ಕಟ್ಟಲು ಹೋದವನು ಸಂಜೆಗೆ ಸುಖವಾಗಿ ತನ್ನ ಮನೆ ಸೇರುವುದೇ ಉಪಕರಣದ ನಿಜವಾದ ಸಾರ್ಥಕ್ಯ.