ತಾರಸಿಯ ಮೇಲಿನ ಟವರ್: ತಪ್ಪು ಕಲ್ಪನೆ ಮತ್ತು ವಾಸ್ತವ

ಪುಣೆ–ಮುಂಬೈ ರೈಲುಮಾರ್ಗದಲ್ಲಿರುವ ತಳೇಗಾಂವ ದಾಭಾಡೆಗೆ ಒಂದು ಕಾಲಕ್ಕೆ ಪೈಸಾ ಫಂಡ್ ಗಾಜಿನ ಕಾರ್ಖಾನೆಯೇ ಗುರುತು. ಈಗ ಎಂಐಡಿಸಿ ಕೈಗಾರಿಕಾ ಪ್ರದೇಶ ಬಂದಿದೆ, ಬಹುಮಹಡಿ ವಸತಿ ಸೊಸೈಟಿಗಳು ಎದ್ದಿವೆ. ಹೀಗೆ ಬೆಳೆಯುವ ಊರುಗಳಲ್ಲಿ ಮೊಬೈಲ್ ಟವರ್‌ಗಳೂ ಹೆಚ್ಚುತ್ತವೆ, ಅವುಗಳ ಸುತ್ತ ಜಗಳವೂ ಹೆಚ್ಚುತ್ತದೆ. ಬಾಡಿಗೆ ಬರುತ್ತದೆ ಎಂದು ಒಬ್ಬರು, ಕ್ಯಾನ್ಸರ್ ಬರುತ್ತದೆ ಎಂದು ಇನ್ನೊಬ್ಬರು. ಬಾಡಿಗೆ ಬರುವುದಂತೂ ನಿಜ. ಉಳಿದದ್ದು?

ತಪ್ಪು ಕಲ್ಪನೆ: ಎಕ್ಸ್‌ರೇಯಂತೆ ಟವರ್ ವಿಕಿರಣವೂ ಜೀವಕೋಶವನ್ನು ಕೆಡಿಸುತ್ತದೆ.

ವಾಸ್ತವ: ಎಕ್ಸ್‌ರೇ ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಡಿಎನ್‌ಎಗೆ ಪೆಟ್ಟು ಕೊಡಬಲ್ಲದು. ಅದಕ್ಕೆ ಸುಮಾರು 10 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. 1800 ಮೆಗಾಹರ್ಟ್ಸ್ ಅಲೆಯ ಒಂದು ಫೋಟಾನಿನಲ್ಲಿ ಅದರ ಹತ್ತು ಲಕ್ಷದ ಒಂದು ಪಾಲೂ ಇಲ್ಲ. ಈ ಅಲೆಗಳಿಂದ ಸಾಬೀತಾಗಿರುವ ಹಾನಿ ಒಂದೇ: ತೀವ್ರತೆ ಹೆಚ್ಚಾದರೆ ಮೈಯ ಅಂಗಾಂಶ ಬಿಸಿಯಾಗುವುದು. ಅಂತರರಾಷ್ಟ್ರೀಯ ಮಿತಿ ನಿಂತಿರುವುದು ಇದರ ಮೇಲೆಯೇ. 2012ರ ಸೆಪ್ಟೆಂಬರ್ 1ರಿಂದ ಭಾರತ ಆ ಮಿತಿಯನ್ನು ಇನ್ನೂ ಬಿಗಿ ಮಾಡಿ, ಅದರ ಹತ್ತನೇ ಒಂದು ಪಾಲಿಗೆ ಇಳಿಸಿತು. 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 0.45 ವ್ಯಾಟ್.

ತಪ್ಪು ಕಲ್ಪನೆ: ಟವರ್ ಇರುವ ಕಟ್ಟಡದವರಿಗೇ ಹೆಚ್ಚು ಅಪಾಯ.

ವಾಸ್ತವ: ತಲೆ ಎತ್ತಿ ನೋಡಿ. ಕಂಬಕ್ಕೆ ಕಟ್ಟಿದ ಉದ್ದನೆಯ ಬಿಳಿ ಪೆಟ್ಟಿಗೆಗಳೇ ಆಂಟೆನಾ. ಅವು ಹೊರಮುಖವಾಗಿದ್ದು ಕೆಲವೇ ಡಿಗ್ರಿ ಕೆಳಕ್ಕೆ ಬಾಗಿರುತ್ತವೆ. ಮುಖ್ಯ ಕಿರಣಪುಂಜ ನೆಲ ಮುಟ್ಟುವುದು ಹತ್ತಾರರಿಂದ ನೂರಾರು ಮೀಟರ್ ಆಚೆ, ಅಷ್ಟರಲ್ಲಿ ಬಹಳ ಸೊರಗಿರುತ್ತದೆ. ನೇರ ಕೆಳಗಿನ ಮನೆಗೆ ಕಾಂಕ್ರೀಟ್ ಚಾವಣಿಯ ಮರೆಯೂ ಇದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇಲ್ಲಿ ಅಕ್ಷರಶಃ ನಿಜ. ಎಚ್ಚರ ಬೇಕಾದ್ದು ತಾರಸಿಯಲ್ಲಿ ಆಂಟೆನಾದ ಮುಂದೆಯೇ ನಿಲ್ಲುವವರಿಗೆ. ಆಂಟೆನಾಕ್ಕೆ ಸಮ ಎತ್ತರದಲ್ಲಿ, ತೀರಾ ಹತ್ತಿರದಲ್ಲಿ ಎದುರುಮನೆಯ ಕಿಟಕಿ ಇದ್ದರೆ ಅಲ್ಲಿ ಅಳತೆ ಮಾಡಿಸುವುದು ನ್ಯಾಯ.

ತಪ್ಪು ಕಲ್ಪನೆ: ಟವರ್ ದೂರ ಹೋದಷ್ಟೂ ಒಳ್ಳೆಯದು.

ವಾಸ್ತವ: ನಮ್ಮ ಮೈಗೆ ಅತಿ ಹೆಚ್ಚು ರೇಡಿಯೋ ಅಲೆ ತಾಗುವುದು ಟವರ್‌ನಿಂದಲ್ಲ, ಕಿವಿಗೆ ಒತ್ತಿಕೊಂಡ ಫೋನಿನಿಂದ. ಸಿಗ್ನಲ್ ಚೆನ್ನಾಗಿದ್ದರೆ ಫೋನು ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಲಿಫ್ಟಿನೊಳಗೆ ಅಥವಾ ಖಂಡಾಳಾ ಘಾಟಿನಲ್ಲಿ ಸಿಗ್ನಲ್ ಸೊರಗಿದಾಗ ಅದು ಪೂರ್ತಿ ಶಕ್ತಿ ಹಾಕಿ ಕೂಗುತ್ತದೆ. ಟವರನ್ನು ಊರಾಚೆ ಅಟ್ಟಿದರೆ ಕಿವಿಯ ಬಳಿಯ ಅಲೆ ಹೆಚ್ಚೀತೇ ಹೊರತು ಕಡಿಮೆಯಾಗದು.

ತಪ್ಪು ಕಲ್ಪನೆ: ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ವಾಸ್ತವ: ಅದರ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ರೇಡಿಯೋ ಅಲೆಗಳನ್ನು ‘2ಬಿ’ ಗುಂಪಿಗೆ ಸೇರಿಸಿತು: ಸಾಧ್ಯತೆ ಇರಬಹುದು, ಪುರಾವೆ ಸಾಲದು. ಅದಕ್ಕೆ ಮುಖ್ಯ ಆಧಾರ ಫೋನ್ ಬಳಕೆಯ ಅಧ್ಯಯನಗಳು, ಟವರ್ ಅಲ್ಲ. ನಮ್ಮವರು ದಿನವೂ ಜಗಿಯುವ ಅಡಿಕೆ ಅದೇ ಸಂಸ್ಥೆಯ ಪಟ್ಟಿಯಲ್ಲಿ ಖಚಿತ ಕಾರಕಗಳ ಮೊದಲ ಗುಂಪಿನಲ್ಲಿದೆ. ಬ್ರಿಟನ್ನಿನಲ್ಲಿ ಕ್ಯಾನ್ಸರ್ ಬಂದ 1397 ಎಳೆಯ ಮಕ್ಕಳ ಜನನದ ವಿಳಾಸಗಳನ್ನು ಟವರ್‌ಗಳೊಂದಿಗೆ ತಾಳೆ ನೋಡಿದ 2010ರ ಅಧ್ಯಯನಕ್ಕೆ ನಂಟು ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ 2024ರ ಸಮೀಕ್ಷೆಗೆ ಫೋನಿಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ಸಂಶೋಧನೆ ಮುಂದುವರಿದಿದೆ.

ತಪ್ಪು ಕಲ್ಪನೆ: ಟವರ್ ಬಂದ ಮೇಲೆ ತಲೆನೋವು, ನಿದ್ದೆಗೇಡು. ಇದಕ್ಕಿಂತ ಸಾಕ್ಷಿ ಬೇಕೆ?

ವಾಸ್ತವ: ನೋವು ಸುಳ್ಳಲ್ಲ. ಆದರೆ 2007ರ ಒಂದು ಪ್ರಯೋಗದಲ್ಲಿ ಬ್ರಿಟನ್ನಿನ ಎಸೆಕ್ಸ್ ವಿಶ್ವವಿದ್ಯಾಲಯದವರು ಸಿಗ್ನಲ್ ಚಾಲೂ ಇದೆ ಎಂದು ತಿಳಿಸಿದಾಗ, ತಮಗೆ ಇದು ಆಗದು ಎನ್ನುವವರ ತೊಂದರೆ ಹೆಚ್ಚಿತು. ತಿಳಿಸದೆ ಪರೀಕ್ಷಿಸಿದಾಗ ನಿಜವಾದ ಸಿಗ್ನಲ್‌ಗೂ ಹುಸಿ ಸಿಗ್ನಲ್‌ಗೂ ವ್ಯತ್ಯಾಸ ಕಾಣಲಿಲ್ಲ. ಕಾಡುತ್ತಿದ್ದುದು ಬಹುಶಃ ಆತಂಕ. ಹಾಗಾಗಿ ತಲೆನೋವು ಬಿಡದಿದ್ದರೆ ವೈದ್ಯರ ಬಳಿ ಹೋಗಿ, ಟವರನ್ನು ದೂರುತ್ತ ಕೂರಬೇಡಿ.

ತಪ್ಪು ಕಲ್ಪನೆ: ಖೋಡದದ ಟೆಲಿಸ್ಕೋಪಿಗೇ ತೊಂದರೆಯಾಗುವಾಗ ಮನುಷ್ಯನಿಗೆ ಆಗದೇ?

ವಾಸ್ತವ: ಪುಣೆ ಜಿಲ್ಲೆಯ ನಾರಾಯಣಗಾಂವದ ಬಳಿಯ ಖೋಡದದಲ್ಲಿರುವ, 45 ಮೀಟರ್ ಅಗಲದ 30 ಡಿಶ್‌ಗಳ ಜಿಎಂಆರ್‌ಟಿ ರೇಡಿಯೋ ಟೆಲಿಸ್ಕೋಪ್ ಆಕಾಶಗಂಗೆಗಳ ಅತಿ ಕ್ಷೀಣ ಅಲೆಗಳಿಗೆ ಕಿವಿಗೊಡುತ್ತದೆ. ಅದಕ್ಕೆ ಮೊಬೈಲ್ ಸಿಗ್ನಲ್ ಗದ್ದಲ. ನಮ್ಮ ದೇಹ ರೇಡಿಯೋ ಗ್ರಾಹಕವಲ್ಲ.

ತಪ್ಪು ಕಲ್ಪನೆ: ಕೋರ್ಟೇ ಟವರ್ ನಿಲ್ಲಿಸಿದೆಯಲ್ಲ!

ವಾಸ್ತವ: ಹೌದು, 2017ರಲ್ಲಿ ಸುಪ್ರೀಂ ಕೋರ್ಟ್ ಗ್ವಾಲಿಯರ್‌ನ ಒಂದು ಟವರ್ ನಿಲ್ಲಿಸಲು ಆದೇಶಿಸಿತು, ಆದರೆ ಅದು ವಿಜ್ಞಾನದ ತೀರ್ಮಾನವಲ್ಲ. ಆಮೇಲೆ 2023ರಲ್ಲಿ ಸಾಂಗ್ಲಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಟವರ್ ವಿರೋಧಿ ನಿರ್ಣಯವನ್ನು ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ. ಆರೋಗ್ಯಕ್ಕೆ ಹಾನಿ ಎನ್ನಲು ವೈಜ್ಞಾನಿಕ ಆಧಾರ ಇಲ್ಲ ಎಂದಿತು.

ತಪ್ಪು ಕಲ್ಪನೆ: ಹಾಗಾದರೆ ಟವರ್ ಬಗ್ಗೆ ಬಾಯೇ ತೆರೆಯಬಾರದು.

ವಾಸ್ತವ: ಖಂಡಿತ ತೆರೆಯಬೇಕು. ಹಳೆಯ ಕಟ್ಟಡ ಇಷ್ಟು ಭಾರ ತಡೆದೀತೆ? ಎಂಜಿನಿಯರ್ ಪ್ರಮಾಣಪತ್ರ ಎಲ್ಲಿ? ಡೀಸೆಲ್ ಜನರೇಟರಿನ ಸದ್ದು, ಹೊಗೆ ಯಾರ ಕಿಟಕಿಗೆ? ಬಾಡಿಗೆ ಸೊಸೈಟಿಯ ಖಾತೆಗೋ ಯಾರ ಜೇಬಿಗೋ? ವಿಕಿರಣದ ಸಂಶಯಕ್ಕೂ ದಾರಿಯಿದೆ. ಕೇಂದ್ರ ದೂರಸಂಪರ್ಕ ಇಲಾಖೆಯ ‘ತರಂಗ್ ಸಂಚಾರ್’ ಪೋರ್ಟಲ್ 2017ರಲ್ಲಿ ಶುರುವಾಯಿತು. ಶುಲ್ಕ ಕಟ್ಟಿದರೆ (ಆರಂಭದಲ್ಲಿ 4000 ರೂಪಾಯಿ) ಮನೆ ಬಳಿಯೇ ಅಳತೆ ಮಾಡಿಸಬಹುದು. ಮನೆಗಳೆಲ್ಲ ಹಂಚಿಕೊಂಡರೆ ಅದು ದೊಡ್ಡ ಮೊತ್ತವಲ್ಲ. ಸೊಸೈಟಿಯ ಮುಂದಿನ ಸಭೆಯಲ್ಲಿ ವಾಟ್ಸ್‌ಆ್ಯಪ್ ಸಂದೇಶದ ಬದಲು ಆ ವರದಿಯನ್ನೇ ಓದಿ, ಆಮೇಲೆ ವಾದ ಮಾಡಿ.