ಕಟಮರಾನ್ ದೋಣಿ ಮಗುಚುವುದೇ ಇಲ್ಲವೇ? ರೇಸಿಗೆ ಒಬ್ಬರ ದೋಣಿಯೋ, ಇಬ್ಬರದ್ದೋ?

ಸಾತನೂರಿನ ಓದುಗರೊಬ್ಬರು ತಮ್ಮ ವಾಟ್ಸಾಪ್ ಗುಂಪಿಗೆ ಬಂದ ವಿಡಿಯೊ ಒಂದನ್ನು ನಮಗೆ ಕಳಿಸಿದ್ದಾರೆ. ಎರಡು ಒಡಲಿನ ಹಾಯಿದೋಣಿಯೊಂದು ಒಂದು ಬದಿಯನ್ನು ನೀರಿನಿಂದ ಮೇಲೆತ್ತಿಕೊಂಡು ಹಾರುವಂತೆ ಓಡುತ್ತದೆ. "ಇದು ಎಂದಿಗೂ ಮಗುಚದ ದೋಣಿ, ಲೈಫ್ ಜಾಕೆಟ್ ಕೂಡ ಬೇಡ" ಎಂದು ಕೆಳಗೆ ಬರೆದಿದೆ. ಓದುಗರ ಪ್ರಶ್ನೆ ಎರಡು. ಈ ಮಾತು ನಿಜವೇ? ಹಾಯಿ ಕಲಿತು ರೇಸಿಗೆ ಇಳಿಯುವವರು ಒಬ್ಬರೇ ನಡೆಸುವ ದೋಣಿ ಕೊಳ್ಳಬೇಕೋ, ಇಬ್ಬರು ನಡೆಸುವುದೋ?

ಮೊದಲ ಪ್ರಶ್ನೆಗೆ ಉತ್ತರ: ಸುಳ್ಳು. ಅದು ಯಾಕೆ ಸುಳ್ಳು ಎಂದು ತಿಳಿದರೆ ಎರಡನೆಯದಕ್ಕೂ ಉತ್ತರ ಸಿಗುತ್ತದೆ.

ಹೆಸರು ನಮ್ಮ ಕಡೆಯದೇ

ಕಟಮರಾನ್ ಎಂಬ ಪದ ಬಂದಿದ್ದು ತಮಿಳಿನ 'ಕಟ್ಟುಮರಂ'ನಿಂದ. ಕನ್ನಡಿಗರಿಗೆ ಅರ್ಥ ಹೇಳಬೇಕಿಲ್ಲ, ಕಟ್ಟಿದ ಮರ. ಆದರೆ ಕರಾವಳಿಯ ಮೀನುಗಾರರ ಕಟ್ಟುಮರ ದಿಮ್ಮಿಗಳನ್ನು ಸೇರಿಸಿ ಕಟ್ಟಿದ ತೆಪ್ಪ. ಈಗಿನ ಕಟಮರಾನ್ ಎಂದರೆ ಸಪೂರವಾದ ಎರಡು ಒಡಲುಗಳನ್ನು ದೂರದೂರ ಇಟ್ಟು, ನಡುವೆ ಅಡ್ಡಪಟ್ಟಿ ಮತ್ತು ಬಲೆಯಂಥ ಹಾಸು ಕಟ್ಟಿ, ಹಾಯಿ ನಿಲ್ಲಿಸಿದ ದೋಣಿ.

ಮಗುಚುವುದು ಹೇಗೆ?

ಎತ್ತಿನ ಗಾಡಿಯನ್ನು ನೆನಪಿಸಿಕೊಳ್ಳಿ. ಎರಡು ಗಾಲಿಗಳ ನಡುವೆ ಅಗಲ ಇರುವುದರಿಂದ ಗಾಡಿ ಸುಲಭವಾಗಿ ವಾಲುವುದಿಲ್ಲ. ಆದರೆ ಒಂದು ಗಾಲಿ ನೆಲ ಬಿಟ್ಟು ಮೇಲೆದ್ದಿತು ಎನ್ನಿ. ಅಲ್ಲಿಂದ ಮುಂದೆ ವಾಲಿದಷ್ಟೂ ಗಾಡಿಯ ಹಿಡಿತ ಕಡಿಮೆಯಾಗುತ್ತ ಹೋಗುತ್ತದೆ. ಕಟಮರಾನ್ ಕೂಡ ಹಾಗೆಯೇ. ಒಂದು ಒಡಲು ನೀರಿನಿಂದ ಎದ್ದ ಕ್ಷಣದಲ್ಲಿ ಅದರ ಸ್ಥಿರತೆ ಅತಿ ಹೆಚ್ಚು, ಆಮೇಲೆ ಇಳಿಮುಖ. ವಿಡಿಯೊದಲ್ಲಿ ಕಂಡ ಆ ಚೆಂದದ ಭಂಗಿ ಇರುವುದು ಸರಿಯಾಗಿ ಆ ಅಂಚಿನಲ್ಲಿ.

ಇನ್ನೊಂದು ರೀತಿಯೂ ಇದೆ. ವೇಗದಲ್ಲಿ ಓಡುವಾಗ ದೋಣಿಯ ಮೂತಿ ಅಲೆಗೆ ನಾಟಿದರೆ ದೋಣಿ ಮುಂದಕ್ಕೆ ಪಲ್ಟಿ ಹೊಡೆಯುತ್ತದೆ.

ಒಂದೇ ಒಡಲಿನ ಸಾಗರಯಾನದ ದೋಣಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಅದು ಬೇಗ ವಾಲುತ್ತದೆ, ಆದರೆ ತಳದಲ್ಲಿ ಭಾರದ ಕೀಲ್ ಇರುವುದರಿಂದ ತಂಜಾವೂರು ಬೊಂಬೆಯಂತೆ ಮತ್ತೆ ಎದ್ದು ನಿಲ್ಲುತ್ತದೆ. 2012–13ರಲ್ಲಿ ನೌಕಾಪಡೆಯ ಅಭಿಲಾಷ್ ಟಾಮಿ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಿದ 'ಮ್ಹಾದೇಯಿ' ಇಂಥದ್ದು. 2017–18ರಲ್ಲಿ ಆರು ಮಹಿಳಾ ಅಧಿಕಾರಿಗಳು ಸುತ್ತಿದ 'ತಾರಿಣಿ'ಯೂ ಇಂಥದ್ದೇ. ಕಟಮರಾನ್ ಪೂರ್ತಿ ತಲೆಕೆಳಗಾದರೆ ತಾನಾಗಿ ಏಳುವುದಿಲ್ಲ, ನಾವು ಎತ್ತಬೇಕು.

ಅನುಭವಿಗಳಿಗೂ ಇದರಿಂದ ವಿನಾಯಿತಿ ಇಲ್ಲ. 2013ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಅಮೆರಿಕಾಸ್ ಕಪ್ ರೇಸಿನ ತಯಾರಿಯಲ್ಲಿದ್ದ ದೊಡ್ಡ ಕಟಮರಾನ್ ಮಗುಚಿತು. ಅದರಲ್ಲಿ ತೀರಿಕೊಂಡವರು ಬ್ರಿಟನ್ನಿನ ಆಂಡ್ರ್ಯೂ ಸಿಂಪ್ಸನ್, 2008ರ ಒಲಿಂಪಿಕ್ ಚಿನ್ನ ಗೆದ್ದವರು.

ಒಬ್ಬರೋ, ಇಬ್ಬರೋ? ಲೆಕ್ಕ ತೂಕದ್ದು

ಸಣ್ಣ ರೇಸಿಂಗ್ ಕಟಮರಾನ್‌ನಲ್ಲಿ ಭಾರದ ಕೀಲ್ ಇರುವುದಿಲ್ಲ. ಗಾಳಿ ಹಾಯಿಯನ್ನು ತಳ್ಳಿದಾಗ ಎದುರು ಬದಿಯಲ್ಲಿ ಕೂತವರ ತೂಕವೇ ದೋಣಿಯನ್ನು ನೆಟ್ಟಗೆ ಹಿಡಿಯಬೇಕು.

ಜನಪ್ರಿಯ ಹೋಬಿ 16 ದೋಣಿಯನ್ನೇ ತೆಗೆದುಕೊಳ್ಳಿ. ತೂಕ ಸುಮಾರು 145 ಕಿಲೋ, ಅಗಲ 2.4 ಮೀಟರ್. ದೋಣಿಯ ತೂಕ ನಡುಮಧ್ಯೆ, ಅಂದರೆ ಎದುರಿನ ಅಂಚಿನಿಂದ 1.2 ಮೀಟರ್ ದೂರದಲ್ಲಿ ಕೆಲಸ ಮಾಡುತ್ತದೆ. 145ನ್ನು 1.2ರಿಂದ ಗುಣಿಸಿದರೆ 174. ಈಗ 65 ಕಿಲೋ ತೂಗುವ ಒಬ್ಬರು ಈಚೆ ಅಂಚಿನಲ್ಲಿ ಕೂತರೆ 65ನ್ನು 2.4ರಿಂದ ಗುಣಿಸಿ, 156. ಅಂದರೆ ಒಬ್ಬ ಮನುಷ್ಯ ಹೆಚ್ಚುಕಡಿಮೆ ಇಡೀ ದೋಣಿಯಷ್ಟೇ ಕೆಲಸ ಮಾಡುತ್ತಾರೆ! ಸೊಂಟಕ್ಕೆ ತಂತಿ ಸಿಕ್ಕಿಸಿಕೊಂಡು ದೋಣಿಯಿಂದ ಹೊರಗೆ ಬಾಗಿ ನಿಂತರೆ ಇನ್ನೂ ಹೆಚ್ಚು. ಇದು ಅಂದಾಜಿನ ಲೆಕ್ಕ, ಆದರೆ ವಿಷಯ ಸ್ಪಷ್ಟವಾಗುತ್ತದೆ.

ಅದಕ್ಕೇ ಒಬ್ಬರ ದೋಣಿಯೂ ಇಬ್ಬರ ದೋಣಿಯೂ ಬೇರೆಬೇರೆ:

• ಎ-ಕ್ಲಾಸ್: ಒಬ್ಬರಿಗೆ. ಉದ್ದ 5.49 ಮೀಟರ್, ಹಾಯಿ ಸುಮಾರು 14 ಚದರ ಮೀಟರ್, ಕನಿಷ್ಠ ತೂಕ ಬರೀ 75 ಕಿಲೋ. ಬಹಳ ವೇಗ, ಆದರೆ ನಾಜೂಕು. ಹೊಸಬರಿಗಲ್ಲ.

• ಹೋಬಿ 14: ಒಬ್ಬರಿಗೆ. ಚಿಕ್ಕದು, ಸರಳ. ಒಬ್ಬರೇ ಕಲಿಯುವವರಿಗೆ ಸಲೀಸು.

• ಹೋಬಿ 16: ಇಬ್ಬರಿಗೆ. ಹಾಯಿ ಸುಮಾರು 20 ಚದರ ಮೀಟರ್. ಗಟ್ಟಿಮುಟ್ಟು, ಹಲವು ದೇಶಗಳಲ್ಲಿ ಇದರ ರೇಸ್ ನಡೆಯುತ್ತದೆ. ರೇಸಿನಲ್ಲಿ ಇಬ್ಬರ ತೂಕ ಸೇರಿ ಕನಿಷ್ಠ 129 ಕಿಲೋ ಇರಬೇಕು, ಕಡಿಮೆ ಬಿದ್ದರೆ ತೂಕ ಸೇರಿಸಬೇಕು.

• ನ್ಯಾಕ್ರಾ 17: ಒಬ್ಬ ಪುರುಷ, ಒಬ್ಬ ಮಹಿಳೆ. 2016ರಿಂದ ಒಲಿಂಪಿಕ್ ದೋಣಿ. ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಇಟಲಿಯ ರುಜ್ಜೆರೊ ಟೀಟಾ ಮತ್ತು ಕ್ಯಾಟರೀನಾ ಬಾಂಟಿ ಚಿನ್ನ ಗೆದ್ದರು. ಮನೆಯವರೊಂದಿಗೆ ವಿಹಾರ ಹೋಗುವ ದೋಣಿ ಇದಲ್ಲ.

ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ

"ಎಷ್ಟು ಸ್ಪೀಡ್ ಹೋಗುತ್ತೆ?" ಎಂದು ಎಲ್ಲರೂ ಕೇಳುತ್ತಾರೆ. ಮೊದಲು ಕೇಳಬೇಕಾದ್ದು, "ಮಗುಚಿದರೆ ನಾನು ಎತ್ತಬಲ್ಲೆನೇ?"

ಎತ್ತುವ ವಿಧಾನ ಹೀಗೆ. ಹಾಯಿಯ ಹಗ್ಗಗಳನ್ನು ಸಡಿಲ ಬಿಡಬೇಕು. ದೋಣಿಯ ಮೂತಿಯನ್ನು ಗಾಳಿಯತ್ತ ತಿರುಗಿಸಬೇಕು. ಮೇಲಿನ ಒಡಲಿನಿಂದ ಇಳಿಬಿಟ್ಟ ಹಗ್ಗ ಹಿಡಿದು, ಕೆಳಗಿನ ಒಡಲಿನ ಮೇಲೆ ನಿಂತು, ಹಿಂದಕ್ಕೆ ಜೋತುಬೀಳಬೇಕು. ಇಲ್ಲಿ ತೋಳಿನ ಬಲಕ್ಕಿಂತ ಮೈಯ ತೂಕ ಮುಖ್ಯ. 60–65 ಕಿಲೋದ ಒಬ್ಬರಿಗೆ ಹೋಬಿ 16 ಎತ್ತುವುದು ಬಹಳ ಕಷ್ಟ. ನೀರು ತುಂಬಿದ ಚೀಲವನ್ನು ಬೆನ್ನಿಗೆ ಹಾಕಿಕೊಂಡು ತೂಕ ಹೆಚ್ಚಿಸಿಕೊಳ್ಳುವವರಿದ್ದಾರೆ. ಆದರೆ ಅಭ್ಯಾಸವಿಲ್ಲದೆ ಅದನ್ನು ನಂಬಿ ಹೋಗಬಾರದು.

ಹಾಗಾಗಿ ನಮ್ಮ ಸಲಹೆ ಹೀಗಿದೆ. ಪ್ರತಿ ವಾರ ಜೊತೆಗೆ ಬರುವ, ನಂಬಿಕೆಯ ಸಂಗಾತಿ ಇದ್ದರೆ ಇಬ್ಬರ ದೋಣಿ. ಒಬ್ಬರು ಚುಕ್ಕಾಣಿ ಹಿಡಿದರೆ ಇನ್ನೊಬ್ಬರು ಮುಂದಿನ ಹಾಯಿ ನೋಡಿಕೊಳ್ಳುತ್ತಾರೆ, ಕಲಿಕೆ ಬೇಗ ಸಾಗುತ್ತದೆ. ಸಂಗಾತಿ ಸಿಗುವುದು ಅನುಮಾನ ಎಂದಾದರೆ ನಿಮ್ಮ ತೂಕಕ್ಕೆ ಹೊಂದುವ ಒಬ್ಬರ ದೋಣಿ. "ಇಬ್ಬರದ್ದು ತಗೊಂಡು ಒಬ್ಬನೇ ಓಡಿಸ್ತೀನಿ" ಎನ್ನುವುದು ಅಪಾಯದ ಆಯ್ಕೆ. ಇನ್ನೊಂದು ಮಾತು: ನೀವು ಹೋಗುವ ಜಾಗದಲ್ಲಿ ಬೇರೆಯವರ ಬಳಿ ಇರುವ ದೋಣಿಯನ್ನೇ ಕೊಳ್ಳಿ. ಅದೇ ದೋಣಿ ಇನ್ನೊಂದಿಲ್ಲದಿದ್ದರೆ ಸಮಬಲದ ರೇಸ್ ಇಲ್ಲ.

ನಮ್ಮ ಕಾವೇರಿಯಲ್ಲಿ ಇಳಿಸಬಹುದೇ?

ಬೇಡ. ಸಾತನೂರಿನಿಂದ ಮುತ್ತತ್ತಿ ಹತ್ತಿರ, ಸಂಗಮವೂ ದೂರವಿಲ್ಲ, ನಿಜ. ಆದರೆ ಅಲ್ಲಿನ ಹೊಳೆಯಲ್ಲಿ ಬಂಡೆ, ಸುಳಿ, ಸೆಳೆತ ಎಲ್ಲವೂ ಇವೆ. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಮಟ್ಟ ಏರುತ್ತದೆ. ಸುತ್ತ ಇರುವುದು ಕಾವೇರಿ ವನ್ಯಧಾಮ. ಹಾಯಿದೋಣಿಗೆ ಬೇಕಾದ್ದು ತೆರೆದ, ಅಗಲವಾದ ನೀರು ಮತ್ತು ಕಾವಲಿಗೆ ಇನ್ನೊಂದು ದೋಣಿ. ಯಾವುದೇ ಕೆರೆಯಲ್ಲಾದರೂ ದಡದ ಮೇಲಿನ ವಿದ್ಯುತ್ ತಂತಿಗಳನ್ನು ಮೊದಲು ನೋಡಿ. ಹೋಬಿ 16ರ ಕಂಬವೇ ಸುಮಾರು 8 ಮೀಟರ್ ಎತ್ತರ. ಕೊಳ್ಳುವ ಮೊದಲು ಹಾಯಿ ಕಲಿಸುವ ಕ್ಲಬ್ಬಿನಲ್ಲೋ, ತರಬೇತಿ ಶಾಲೆಯಲ್ಲೋ ಮಗುಚಿ ಎತ್ತುವ ಪಾಠ ಮುಗಿಸಿಕೊಳ್ಳಿ.

ಕಟಮರಾನ್ ಎಂದೂ ಕೊಳ್ಳದವರಿಗೂ ಈ ತೂಕದ ಪಾಠ ಬೇಕು. ಸಂಗಮದ ಹರಿಗೋಲು ಕೂಡ ಅಗಲವಾಗಿ, ಗಟ್ಟಿಯಾಗಿ ಕೂತಂತೆ ಕಾಣುತ್ತದೆ. ಸೆಲ್ಫಿಗೆಂದು ಎಲ್ಲರೂ ಒಂದೇ ಬದಿಗೆ ಸರಿದರೆ, ಅಂಬಿಗರು ಹೇಳಿದ್ದಕ್ಕಿಂತ ಹೆಚ್ಚು ಜನ ಹತ್ತಿದರೆ, ಅದೂ ಮಗುಚುತ್ತದೆ. ದೋಣಿ ಯಾವುದೇ ಇರಲಿ, ಎಷ್ಟು ತೂಕ, ಆ ತೂಕ ಎಲ್ಲಿ ಕೂತಿದೆ ಎಂಬುದೇ ಲೆಕ್ಕ.

ಒಟ್ಟಿನಲ್ಲಿ: "ಮಗುಚದ ದೋಣಿ, ಲೈಫ್ ಜಾಕೆಟ್ ಬೇಡ" ಎಂಬ ಫಾರ್ವರ್ಡ್ ತಪ್ಪು, ಅಪಾಯಕಾರಿ ಕೂಡ. ಅದನ್ನು ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಇದನ್ನು ಕಳಿಸಿ. ದೋಣಿ ಹತ್ತುವ ಮೊದಲು ಜಾಕೆಟ್ ಹಾಕಿ, ಗುಂಡಿ ಬಿಗಿಯಾಗಿದೆಯೇ ನೋಡಿಕೊಳ್ಳಿ.