ಪ್ರೌಢ ಸಸ್ತನಿಗಳ ಹೈಪೊಥಲಮಸ್ಸಿನಲ್ಲಿ ನೂತನ ನರಕೋಶಗಳ ಉತ್ಪತ್ತಿ

ಪ್ರೌಢಾವಸ್ಥೆಯನ್ನು ಮುಟ್ಟಿದ ಸಸ್ತನಿಯ ಮಿದುಳಿನಲ್ಲಿ ಹೊಸ ನರಕೋಶಗಳು ಹುಟ್ಟುವುವೆ ಎಂಬ ಪ್ರಶ್ನೆಗೆ, ಇಲ್ಲವೆಂಬುದೇ ಬಹುಕಾಲ ಶಾಸ್ತ್ರಜ್ಞರ ಉತ್ತರವಾಗಿದ್ದಿತು. ಸ್ಪೇನ್ ದೇಶದ ರಮೋನ್ ಈ ಕಹಾಲರು 1913-14ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಬೆಳೆದ ಮಿದುಳಿನ ನರಮಾರ್ಗಗಳು ಸ್ಥಿರವಾದುವೆಂದೂ ಅಲ್ಲಿ ಅಳಿದುದು ಮರಳಿ ಹುಟ್ಟದೆಂದೂ ನಿರ್ಣಯಿಸಿದರು. ಸಾಧ್ಯವಾದರೆ ಈ ನಿರ್ಣಯವನ್ನು ತಿದ್ದುವ ಹೊಣೆಯನ್ನು ಅವರೇ ಮುಂದಿನ ಶಾಸ್ತ್ರಕ್ಕೆ ಬಿಟ್ಟಿದ್ದರು. ಅನಂತರದವರಲ್ಲಿ ಮತವು ನಿಂತಿತು. ಆ ಮಾತು ಮರೆಯಾಯಿತು.

ಮತವನ್ನು ಅಲುಗಿಸಿದುದು ಒಂದು ಪರೀಕ್ಷಾಕ್ರಮ. ಕೋಶವು ಇಬ್ಭಾಗವಾಗುವುದಕ್ಕೆ ಮೊದಲು ತನ್ನ ಡಿ.ಎನ್.ಎ.ಯನ್ನು ಇಮ್ಮಡಿಗೊಳಿಸಬೇಕು, ಅದಕ್ಕೆ ಥೈಮಿಡಿನ್ ಎಂಬ ದ್ರವ್ಯವು ಬೇಕು. ವಿಕಿರಣಶೀಲ ಜಲಜನಕವನ್ನು ಕೂಡಿಸಿದ ಥೈಮಿಡಿನನ್ನು ಪ್ರಾಣಿಗೆ ಕೊಟ್ಟರೆ, ಆಗ ವಿಭಜಿಸಿದ ಕೋಶಗಳಲ್ಲಿ ಅದರ ಗುರುತು ಉಳಿಯುತ್ತದೆ. ಈ ಕ್ರಮದಿಂದ ಜೋಸೆಫ್ ಆಲ್ಟ್‌ಮನ್ ಮತ್ತು ಗೋಪಾಲ ದಾಸರು 1965ರಲ್ಲಿ ಇಲಿಯ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಹೊಸ ನರಕೋಶಗಳನ್ನು ತೋರಿಸಿದರೂ ವಿದ್ವಾಂಸರ ಸಂಶಯವು ದಶಕಗಳವರೆಗೆ ಹೋಗಲಿಲ್ಲ. ಆ ಸಂಶಯಕ್ಕೆ ಆಧಾರವಿಲ್ಲದಿರಲಿಲ್ಲ: ನರಕೋಶಗಳಿಗೆ ಪೋಷಕವಾದ ಗ್ಲಿಯಾ ಕೋಶಗಳೂ ವಿಭಜಿಸುತ್ತವೆ, ಡಿ.ಎನ್.ಎ.ಯು ದುರಸ್ತಿಯಾಗುವಾಗಲೂ ಗುರುತು ಸೇರಬಹುದು. ಆದುದರಿಂದ ಹುಟ್ಟಿನ ಗುರುತೂ ನರಕೋಶದ ಜಾತಿಯನ್ನು ಸೂಚಿಸುವ ಪ್ರೋಟೀನೂ ಒಂದೇ ಕೋಶದಲ್ಲಿ ಕಂಡರೆ ಮಾತ್ರ ಪ್ರಮಾಣವೆಂಬ ನಿಯಮವು ಬಂದಿತು.

ಹೈಪೊಥಲಮಸ್ಸು ಮಿದುಳಿನ ತಳದಲ್ಲಿ, ಮೂರನೆಯ ಕುಹರದ ಇಕ್ಕೆಲಗಳಲ್ಲಿರುವ ಕಿರಿದಾದ ಭಾಗ. ಹಸಿವು, ಬಾಯಾರಿಕೆ, ಮೈಯ ಕಾವು ಇವುಗಳ ಹತೋಟಿ ಅದರದು. 2005ರಲ್ಲಿ ಕೊಕೊಯೆವಾ, ಯಿನ್, ಫ್ಲಯರ್ ಎಂಬವರು ಪ್ರಾಯದ ಚಿಟ್ಟಿಲಿಗಳ ಮಿದುಳಿಗೆ ಸಿ.ಎನ್.ಟಿ.ಎಫ್. ಎಂಬ ಪೋಷಕ ಪ್ರೋಟೀನನ್ನು ಹರಿಯಿಸಿದರು. ಹೈಪೊಥಲಮಸ್ಸಿನಲ್ಲಿ ಹೊಸ ನರಕೋಶಗಳು ತೋರಿದುವು. ಪ್ರಾಣಿಗಳ ತೂಕವು ಇಳಿಯಿತು. ಔಷಧವನ್ನು ನಿಲ್ಲಿಸಿದ ಮೇಲೂ ಇಳಿದ ತೂಕವು ಉಳಿಯಿತು. ಕೋಶವಿಭಜನೆಯನ್ನು ತಡೆಯುವ ದ್ರವ್ಯವನ್ನು ಜೊತೆಗೆ ಕೊಟ್ಟಾಗ ತೂಕವೇನೋ ಇಳಿಯಿತು, ಆದರೆ ಆ ಇಳಿತವು ನಿಲ್ಲಲಿಲ್ಲ. ತತ್ಕಾಲದ ಫಲಕ್ಕೆ ಹೊಸ ಕೋಶಗಳು ಬೇಡ, ಬಾಳುವ ಫಲಕ್ಕೆ ಬೇಕು ಎಂದು ಇದರಿಂದ ಊಹಿಸಲಾಯಿತು. ಆ ದ್ರವ್ಯವು ನರಕೋಶಗಳ ಹುಟ್ಟನ್ನು ಮಾತ್ರವಲ್ಲದೆ ಎಲ್ಲ ವಿಭಜನೆಯನ್ನೂ ತಡೆಯುವುದರಿಂದ, ಇದನ್ನು ಊಹೆಯೆಂದೇ ಹೇಳತಕ್ಕುದು.

ಇವುಗಳ ಮೂಲವು ಯಾವುದು? ಕುಹರದ ತಳವನ್ನೂ ಕೆಳಗಣ ಗೋಡೆಗಳನ್ನೂ ಹೊದಿಸಿರುವ ಟ್ಯಾನಿಸೈಟ್ ಎಂಬ ಕೋಶಗಳು ಒಂದು ಮೂಲವೆಂದು ಮುಂದಿನ ಸಂಶೋಧನೆಗಳು ತೋರಿಸಿದುವು. 'ಚಾಚಿದುದು' ಎಂಬರ್ಥದ ಗ್ರೀಕ್ ಪದದಿಂದ ಬಂದ ಈ ಹೆಸರು, ಒಳಕ್ಕೆ ಉದ್ದನೆಯ ಎಳೆಯನ್ನು ಚಾಚುವ ಆ ಕೋಶಗಳಿಗೆ ಅನ್ವರ್ಥವಾಗಿದೆ. 2012ರ ಒಂದು ಪರೀಕ್ಷೆಯಲ್ಲಿ, ಕೊಬ್ಬು ಹೆಚ್ಚಿದ ಆಹಾರವನ್ನು ತಿಂದ ಎಳೆಪ್ರಾಯದ ಚಿಟ್ಟಿಲಿಗಳಲ್ಲಿ ಈ ಉತ್ಪತ್ತಿಯು ಹೆಚ್ಚಿತು. ವಿಕಿರಣದಿಂದ ಅದನ್ನು ತಡೆದಾಗ ತೂಕದ ಏರಿಕೆಯು ತಗ್ಗಿತು. ಇಲ್ಲಿಯ ಫಲವು 2005ರ ಫಲಕ್ಕೆ ಮೇಲುನೋಟಕ್ಕೆ ವಿರುದ್ಧವಾದುದು. ಆದರೆ ವಿರೋಧವು ತೋರಿಕೆಯದು: ಹೊಸ ಕೋಶವು ತಾನಾಗಿ ಹಿತವೂ ಅಲ್ಲ, ಅಹಿತವೂ ಅಲ್ಲ, ಯಾವ ಸ್ಥಾನದಲ್ಲಿ ನಿಂತು ಯಾವ ನರಗಳೊಡನೆ ಕೂಡಿಕೊಂಡಿತೆಂಬುದೇ ಅದರ ಕಾರ್ಯವನ್ನು ನಿಶ್ಚಯಿಸುತ್ತದೆ.

ಇಲಿಗಳಿಂದ ಮನುಷ್ಯನಿಗೆ ಒಮ್ಮೆಗೇ ಹಾರುವುದು ಯುಕ್ತವಲ್ಲ. ಹೆಚ್ಚಾಗಿ ಪರೀಕ್ಷಿಸಲ್ಪಟ್ಟ ಮಾನವ ಹಿಪೊಕ್ಯಾಂಪಸ್ಸಿನ ವಿಷಯದಲ್ಲಿಯೇ 2018ರಲ್ಲಿ ಉಂಟೆಂದೂ ಇಲ್ಲವೆಂದೂ ಎರಡು ನಿರ್ಣಯಗಳು ಹೊರಬಿದ್ದುವು. 'ಅಳಿದುದು ಹುಟ್ಟದು' ಎಂಬ ಹಳೆಯ ಮತವನ್ನು ಪರೀಕ್ಷಿಸದೆ ಹಿಡಿದಂತೆಯೇ, 'ಎಲ್ಲೆಲ್ಲಿಯೂ ಹುಟ್ಟುವುದು' ಎಂಬ ಹೊಸ ಮತವನ್ನೂ ಹಿಡಿದರೆ ತಪ್ಪು ಬದಲಾಗುವುದೇ ಹೊರತು ತೀರುವುದಿಲ್ಲ.